ಕಾಳು ಅಸಲು, ಮಾಂಸ ಬಡ್ಡಿ

ಸ್ಮರಣಸಂಚಿಕೆಯ ಆರೋಗ್ಯ ವಿಭಾಗಕ್ಕೆ ಬರೆಯುವುದು ವೈದ್ಯರಿಗೆ ಸಲ್ಲುವ ಕೆಲಸ. ವಾಣಿಜ್ಯಶಾಸ್ತ್ರದ ಪದವಿಯೊಂದನ್ನು ಬಿಟ್ಟರೆ ಬೇರೆ ವಿದ್ಯೆಯಿಲ್ಲದ, ಜಮಾ-ಖರ್ಚುಗಳ ನಡುವೆಯೇ ಅರ್ಧ ಆಯುಷ್ಯವನ್ನು ಕಳೆದ ಬ್ಯಾಂಕ್ ಅಧಿಕಾರಿಯೊಬ್ಬ ಆ ಅಂಗಳದೊಳಗೆ ಕಾಲಿಡುವುದು ಅತಿಕ್ರಮಣವೆಂದು ಕೆಲವರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೂ ಈ ಸಾಹಸಕ್ಕೆ ಕೈಹಾಕಿದ್ದೇನೆ. ಏಕೆಂದರೆ ನಾನು ಹೇಳಹೊರಟಿರುವುದು ಮುಖ್ಯವಾಗಿ ಒಂದು ಲೆಕ್ಕದ ವಿಷಯ. ಆ ಲೆಕ್ಕವನ್ನು ತಪ್ಪಿ, ಅದರ ಫಲವನ್ನು ಸ್ವಂತ ದೇಹದಲ್ಲಿಯೇ ಉಂಡವನು ನಾನು.

ಕೊಚ್ಚಿಯಿಂದ ತಿರುವನಂತಪುರಕ್ಕೆ ವರ್ಗವಾದಾಗ ಮಕ್ಕಳ ಶಾಲೆಯ ಕಾರಣದಿಂದ ಸಂಸಾರವನ್ನು ಎರ್ನಾಕುಳದಲ್ಲಿಯೇ ಬಿಟ್ಟು ಒಬ್ಬನೇ ಹೋದೆ. ರಾತ್ರಿ ಎಂಟರ ಮೇಲೆ ಕೊಠಡಿ ಸೇರುವವನಿಗೆ ಅಡುಗೆಯ ಉತ್ಸಾಹ ಎಲ್ಲಿಂದ ಬರಬೇಕು? ನಾಲ್ಕು ಹೋಳು ಬ್ರೆಡ್ಡು, ಒಂದು ಡಬ್ಬಿ ಬೇಕ್ಡ್ ಬೀನ್ಸ್, ಅದರ ಜೊತೆಗೆ ಬಾಣಲೆಯಲ್ಲಿ ಹುರಿದ ನಾಲ್ಕು ತುಂಡು ಬೇಕನ್. ಕೊಡಗಿನಲ್ಲಿ ಹುಟ್ಟಿದವನಾದ್ದರಿಂದ ಹಂದಿಮಾಂಸ ನನಗೆ ಹೊಸದಲ್ಲ. ಉಪ್ಪೂರಿಸಿ ಹೊಗೆಗೆ ಹಿಡಿದು ತೆಳುವಾಗಿ ಸೀಳಿದ ಈ ಪರದೇಶದ ರೂಪವಷ್ಟೇ ಹೊಸದು. ಎರಡು ವರ್ಷ ಈ ಕ್ರಮ ನಡೆಯಿತು. ಮೂರನೆಯ ವರ್ಷ ಬ್ಯಾಂಕಿನ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ರಕ್ತದೊತ್ತಡ ಮಿತಿ ಮೀರಿರುವುದು ಕಂಡುಬಂತು.

"ರಾತ್ರಿ ಊಟಕ್ಕೆ ಏನು ತೆಗೆದುಕೊಳ್ಳುತ್ತೀರಿ ಸಾರ್?" ಎಂದು ವೈದ್ಯರು ಕೇಳಿದರು. "ಹೆಚ್ಚೇನಿಲ್ಲ ಡಾಕ್ಟರೇ, ಸ್ವಲ್ಪ ಕಾಳು, ಸ್ವಲ್ಪ ಬ್ರೆಡ್ಡು" ಎಂದೆ. ಬೇಕನ್ನಿನ ಮಾತನ್ನು ಎತ್ತಲಿಲ್ಲ. ಕಾಳು ಎಂಬುದು ಎಷ್ಟು ಸಾತ್ತ್ವಿಕವಾದ ಶಬ್ದ! ಅವರು ನಕ್ಕು, ಮುಂದಿನ ಸಲ ಬರುವಾಗ ಆ ಡಬ್ಬಿಯನ್ನೂ ತರಬೇಕೆಂದು ಹೇಳಿದರು. ತೆಗೆದುಕೊಂಡು ಹೋಗುವುದಕ್ಕೆ ಮುಂಚೆ ಮೊದಲ ಬಾರಿಗೆ ಅದರ ಮೇಲಿನ ಸಣ್ಣಕ್ಷರಗಳನ್ನು ಓದಿದೆ. ಸಾಲದ ಪತ್ರಗಳ ಕಟ್ಟಕಡೆಯ ಷರತ್ತನ್ನೂ ಬಿಡದೆ ಓದಿಸುವ ಮನುಷ್ಯ ಎರಡು ವರ್ಷಗಳಲ್ಲಿ ಒಮ್ಮೆಯೂ ಆ ಚೀಟಿಯನ್ನು ಓದಿರಲಿಲ್ಲ.

415 ಗ್ರಾಂ ತೂಕದ ಆ ಡಬ್ಬಿಯಲ್ಲಿ ಕಾಳಿನ ಪಾಲು ಅರ್ಧಕ್ಕಿಂತ ಕೊಂಚ ಹೆಚ್ಚು. ಉಳಿದದ್ದು ಟೊಮೆಟೊ, ನೀರು, ಸಕ್ಕರೆ, ಗಂಜಿಹಿಟ್ಟು, ಉಪ್ಪು. ನೂರು ಗ್ರಾಮಿಗೆ ಸುಮಾರು 5 ಗ್ರಾಂ ಸಕ್ಕರೆ, ಅರ್ಧ ಗ್ರಾಮಿಗೆ ಮೇಲ್ಪಟ್ಟು ಉಪ್ಪು. ಡಬ್ಬಿಯ ಅರ್ಧವನ್ನು ಒಬ್ಬರ ಪಾಲೆಂದು ತಯಾರಕರೇ ಗಣಿಸಿದ್ದಾರೆ. ನಾನು ಪೂರ್ತಿ ಡಬ್ಬಿಯನ್ನು ಖಾಲಿ ಮಾಡುತ್ತಿದ್ದೆ. ಲೆಕ್ಕ ಹಾಕಿ ನೋಡಿ. ಡಬ್ಬಿಯಿಂದ ಸುಮಾರು ಎರಡೂವರೆ ಗ್ರಾಂ ಉಪ್ಪು, ನಾಲ್ಕು ತುಂಡು ಬೇಕನ್ನಿನಿಂದ ಹತ್ತಿರ ಹತ್ತಿರ ಎರಡು ಗ್ರಾಂ, ಬ್ರೆಡ್ಡಿನಿಂದ ಒಂದು ಗ್ರಾಮಿಗೂ ಹೆಚ್ಚು. ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಇರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನನ್ನ ದಿನದ ಭತ್ಯವೆಲ್ಲವೂ ರಾತ್ರಿಯ ಒಂದೇ ಊಟದಲ್ಲಿ ಖರ್ಚಾಗಿ, ಖಾತೆ ಓವರ್‌ಡ್ರಾಫ್ಟಿಗೆ ಇಳಿಯುತ್ತಿತ್ತು. ಮಧ್ಯಾಹ್ನದ ಉಪ್ಪಿನಕಾಯಿ, ಹಪ್ಪಳಗಳ ಲೆಕ್ಕ ಬೇರೆ.

ಡಬ್ಬಿ ವಿಷವೆಂದು ನಾನು ಹೇಳುತ್ತಿಲ್ಲ. ಅದರೊಳಗಿನ ಕಾಳು ಒಳ್ಳೆಯ ಕಾಳೇ. ಸಕ್ಕರೆ ಮತ್ತು ಉಪ್ಪನ್ನು ಕಡಿಮೆ ಮಾಡಿದ ಡಬ್ಬಿಗಳೂ ಉಂಟು. ನನ್ನ ತಕರಾರು ಇರುವುದು ನಾವು ಅದಕ್ಕೆ ಕೊಟ್ಟಿರುವ ಗೌರವದ ಬಗ್ಗೆ. ಕೊಲ್ಲಿ ದೇಶಗಳಿಂದ ಮರಳುವವರ ಪೆಟ್ಟಿಗೆಗಳಲ್ಲಿ ಅದು ಬರುತ್ತದೆ. ಫೋರ್ಟ್ ಕೊಚ್ಚಿ, ಕೋವಳಂಗಳಲ್ಲಿ ಪ್ರವಾಸಿಗಳಿಗಾಗಿ ಬಡಿಸುವ ಇಂಗ್ಲಿಷ್ ಉಪಾಹಾರದ ತಟ್ಟೆಯಲ್ಲಿ ಮೊಟ್ಟೆಯ ಪಕ್ಕದಲ್ಲಿ ಕುಳಿತಿರುತ್ತದೆ. ನಮ್ಮ ಮಕ್ಕಳು ಅದನ್ನು ನೋಡಿ, ಮನೆಯ ಅಲಸಂದೆಗಿಂತ ಅದು ಮೇಲೆಂದು ತಿಳಿಯುತ್ತಾರೆ. ಹೆಸರೇ 'ಬೇಕ್ಡ್' ಎಂದಿದ್ದರೂ ಇಂದಿನ ಡಬ್ಬಿಯ ಕಾಳು ಸಾಮಾನ್ಯವಾಗಿ ಕುಲುಮೆಯ ಮುಖವನ್ನೇ ಕಂಡದ್ದಲ್ಲ. ಮುಚ್ಚಿದ ಡಬ್ಬಿಯೊಳಗೇ ಬಿಸಿಹಬೆಯಲ್ಲಿ ಬೆಂದದ್ದು.

ಈ ಪದಾರ್ಥದ ಚರಿತ್ರೆ ಬೋಧಪ್ರದವಾಗಿದೆ. ಇದಕ್ಕೆ ಬಳಸುವ ಬಿಳಿ ಬೀನ್ಸ್ ಕಾಳು ಅಮೆರಿಕ ಖಂಡದ ಬೆಳೆ. ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ನೆಲಸಿದ ಧರ್ಮನಿಷ್ಠ ವಲಸೆಗಾರರು ಭಾನುವಾರ ಒಲೆ ಹಚ್ಚಬಾರದೆಂಬ ನಿಯಮವನ್ನು ಪಾಲಿಸುತ್ತಿದ್ದರು. ಆದುದರಿಂದ ಶನಿವಾರವೇ ಕಾಳು, ಒಂದು ತುಂಡು ಉಪ್ಪುಹಂದಿ, ಕಬ್ಬಿನ ಕಾಕಂಬಿ ಇವುಗಳನ್ನು ಮಡಕೆಗೆ ಹಾಕಿ, ಆರುತ್ತಿರುವ ಕುಲುಮೆಯಲ್ಲಿ ರಾತ್ರಿಯಿಡೀ ಬಿಡುತ್ತಿದ್ದರು. ಮಾಂಸ ಬೇಕಾದಷ್ಟಿಲ್ಲದ ಮನೆಗಳಲ್ಲಿ ಒಂದು ಸಣ್ಣ ತುಂಡಿನ ರುಚಿಯನ್ನು ಒಂದು ಮಡಕೆ ಕಾಳಿಗೆ ಹರಡುವ ಉಪಾಯವದು. 1886ರಲ್ಲಿ ಅಮೆರಿಕದ ಡಬ್ಬಿಗಳು ಲಂಡನ್ನಿನ ಫೋರ್ಟ್‌ನಮ್ ಅಂಡ್ ಮೇಸನ್ ಎಂಬ ಶ್ರೀಮಂತರ ಅಂಗಡಿಗೆ ಬಂದುವು. ಆಗ ಬ್ರಿಟಿಷರ ಡಬ್ಬಿಯಲ್ಲಿಯೂ ಹಂದಿಮಾಂಸದ ತುಣುಕು ಇರುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಡಿತರದ ಕಟ್ಟುಪಾಡಿನಿಂದ ಮಾಂಸ ಹೊರಬಿತ್ತು. ಯುದ್ಧ ಮುಗಿದ ಮೇಲೂ ಹಿಂದಿರುಗಲಿಲ್ಲ. ಕಾಳು ಮಾತ್ರ ಉಳಿಯಿತು, ಹೆಸರೂ ಉಳಿಯಿತು. ಯಾವುದು ಅಸಲು, ಯಾವುದು ಬಡ್ಡಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ನಮ್ಮ ನೆರೆಯಲ್ಲಿಯೂ ಈ ಜೋಡಿ ಅಪರಿಚಿತವಲ್ಲ. ಪೋರ್ತುಗೀಸರ ಬಳುವಳಿಯಾಗಿ ಗೋವೆಯ ಕ್ರೈಸ್ತರು ಕಾಳಿಗೆ ಹಂದಿಮಾಂಸದ ಸಾಸೇಜನ್ನು ಸೇರಿಸಿ 'ಫೆಯ್ಜೋಆದ' ಎಂಬ ಅಡುಗೆಯನ್ನು ಇಂದಿಗೂ ಮಾಡುತ್ತಾರೆ. 1503ರಿಂದ 1663ರವರೆಗೆ ಅದೇ ಪೋರ್ತುಗೀಸರ ಕೋಟೆಯಿದ್ದ ಕೊಚ್ಚಿಯಲ್ಲಿಯಾದರೋ ಕಾಳು ಮತ್ತು ಮಾಂಸ ಬೇರೆ ಬೇರೆ ತಟ್ಟೆಗಳಲ್ಲಿಯೇ ಉಳಿದುವು. ಮಲಯಾಳಿಗಳ ನಿಜವಾದ 'ಬೀನ್ಸ್' ಎಂದರೆ ಗಂಜಿಯ ಜೊತೆಗಿನ ಪಯರು, ಪುಟ್ಟಿನ ಜೊತೆಗಿನ ಕಡಲೆ. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷ ಮಧ್ಯಾಹ್ನದ ಊಟವೆಂದರೆ ಗಂಜಿ ಮತ್ತು ಹೆಸರುಕಾಳು. ಆ ತಟ್ಟೆಯನ್ನು ಉಂಡು ಬೆಳೆದ ಪೀಳಿಗೆಯವರೇ ಈಗ ಡಬ್ಬಿಗೆ ಕೈಚಾಚುತ್ತಿರುವುದು ವಿಪರ್ಯಾಸ. ನಮ್ಮ ಕಡೆಯ ಹುರುಳಿ ಸಾರು, ಹಿತಕಿದ ಅವರೆ, ಬಸ್ಸಾರುಗಳ ಮಾತನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಊರಿನಿಂದ ಬರುವಾಗ ಬಸ್ಸಿನ ಚೀಲದಲ್ಲಿ ಹುರುಳಿ ತಂದವರೇ ನಾವೆಲ್ಲ.

ಈ ಕಾಳಿನ ಮಾತು ಕೇರಳದಲ್ಲಿ ವಾಸಿಸುವ ನಮಗೆ ರುಚಿಯ ಮಾತಷ್ಟೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ, ದೇಶದ ವಯಸ್ಕರಲ್ಲಿ ಶೇಕಡ 11.4 ಮಂದಿಗೆ ಸಕ್ಕರೆ ಕಾಯಿಲೆಯಿದ್ದರೆ ಕೇರಳದಲ್ಲಿ ಆ ಪ್ರಮಾಣ ಶೇಕಡ 25.5. ನಾಲ್ವರಲ್ಲಿ ಒಬ್ಬರು! ಇಲ್ಲಿನ ಅನ್ನ, ಇಲ್ಲಿನ ಬೇಕರಿ, ಇಲ್ಲಿನ ಕುಳಿತ ಉದ್ಯೋಗ ಎಲ್ಲವನ್ನೂ ಹಂಚಿಕೊಂಡ ನಾವು ಈ ಪಾಲನ್ನು ಮಾತ್ರ ಹಂಚಿಕೊಳ್ಳದೆ ಇರುವೆವೆಂದು ನಂಬಲು ಕಾರಣವಿಲ್ಲ. ಒಣಗಿದ ಬೀನ್ಸ್ ಕಾಳಿನಲ್ಲಿ ನೂರು ಗ್ರಾಮಿಗೆ 20 ಗ್ರಾಮಿಗೂ ಮೇಲ್ಪಟ್ಟು ಸಸಾರಜನಕವಿದೆ, ನಾರಿನಂಶ ಧಾರಾಳವಾಗಿದೆ, ಅದರ ಪಿಷ್ಟ ಅನ್ನದ ಪಿಷ್ಟದಷ್ಟು ಬೇಗನೆ ರಕ್ತಕ್ಕೆ ಸಕ್ಕರೆಯಾಗಿ ಇಳಿಯುವುದಿಲ್ಲ. ಇಂತಹ ಪದಾರ್ಥವನ್ನು ಸಕ್ಕರೆಯ ಗೊಜ್ಜಿನಲ್ಲಿ ಮುಳುಗಿಸಿ ತಿನ್ನುವುದು, ಠೇವಣಿಯಿಟ್ಟ ಹಣದ ಮೇಲೆಯೇ ಹೆಚ್ಚಿನ ಬಡ್ಡಿಗೆ ಸಾಲ ಮಾಡಿದಂತೆ.

ಇನ್ನು ಬೇಕನ್. 2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ದಿನವೂ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರಿನ ಸಂಭವ ಶೇಕಡ 18ರಷ್ಟು ಹೆಚ್ಚುತ್ತದೆಂದು ಅದು ತಿಳಿಸಿತು. ಇಲ್ಲಿ ಗಣಿತದ ಒಂದು ಎಚ್ಚರಿಕೆ ಅಗತ್ಯ. ಶೇಕಡ 5ರ ಬಡ್ಡಿದರ ಶೇಕಡ 18ರಷ್ಟು ಏರಿದರೆ 5.9 ಆಗುವುದೇ ಹೊರತು 23 ಆಗುವುದಿಲ್ಲ. ಮೊದಲನೆಯ ವರ್ಗವೆಂದರೆ ಸಾಕ್ಷ್ಯ ದೃಢವಾಗಿದೆ ಎಂದರ್ಥ. ಅದೇ ವರ್ಗದಲ್ಲಿರುವ ತಂಬಾಕಿನಷ್ಟೇ ಅಪಾಯವೆಂದು ಅರ್ಥವಲ್ಲ. ಗಾಬರಿ ಬೇಡ. ಆದರೆ ದಿನಂಪ್ರತಿ ಐವತ್ತು ಗ್ರಾಂ ಎಂಬುದು ನಾನು ರಾತ್ರಿ ಹುರಿಯುತ್ತಿದ್ದ ನಾಲ್ಕು ತುಂಡುಗಳ ಅಂದಾಜಿನೊಳಗೇ ಬರುತ್ತದೆ ಎಂಬುದನ್ನು ಮರೆಯುವಂತೆಯೂ ಇಲ್ಲ.

ಈ ವಿಚಾರದಲ್ಲಿ ನನ್ನ ಊರಿನವರು ಕೋಪಿಸಿಕೊಳ್ಳಬಹುದಾದ ಒಂದು ಮಾತನ್ನು ಹೇಳಲೇಬೇಕು. ಕೊಡಗಿನ ಮನೆಗಳಲ್ಲಿ ಒಲೆಯ ಮೇಲಣ ಅಟ್ಟದಲ್ಲಿ ಹೊಗೆಗೆ ತೂಗಹಾಕಿ ಒಣಗಿಸಿದ ಮಾಂಸದ ಪರಿಮಳ ನನ್ನ ಬಾಲ್ಯದ ಪರಿಮಳ. "ಅಂಗಡಿಯ ಬೇಕನ್ ಕೆಟ್ಟದ್ದಿರಬಹುದು, ನಮ್ಮ ಮನೆಯದಲ್ಲ" ಎಂದು ನಾನೂ ವಾದಿಸಿದವನೇ. ಆದರೆ ಉಪ್ಪೂರಿಸುವುದು, ಹೊಗೆ ಹಿಡಿಸುವುದು ಇವೆರಡೂ ಸಂಸ್ಕರಣೆಯ ವ್ಯಾಖ್ಯೆಯೊಳಗೆ ಸ್ಪಷ್ಟವಾಗಿ ಬರುತ್ತವೆ. ಮನೆಯಲ್ಲಿ ಮಾಡಿದ್ದೆಂಬ ಅಭಿಮಾನಕ್ಕೆ ದೇಹದ ಖಾತೆಯಲ್ಲಿ ರಿಯಾಯಿತಿ ಇಲ್ಲ. ಹಾಗೆಂದು ಬಿಡಬೇಕೆ? ನಾನು ಬಿಟ್ಟಿಲ್ಲ. ಪಾತ್ರೆಯಲ್ಲಿ ಅದರ ಸ್ಥಾನವನ್ನು ಬದಲಾಯಿಸಿದ್ದೇನೆ. ಮಾಂಸವನ್ನು ಪಲ್ಯವಾಗಿ ಕಾಣದೆ ಒಗ್ಗರಣೆಯಾಗಿ ಕಾಣಬೇಕು. ನ್ಯೂ ಇಂಗ್ಲೆಂಡಿನ ಆ ಬಡ ಗೃಹಿಣಿಯರು ಮಾಡಿದ್ದೂ ಅದನ್ನೇ.

ಈಗ ನನ್ನ ಮನೆಯಲ್ಲಿ ಮಾಡುವ ಕ್ರಮ. ಇದಕ್ಕೆ ಬೇಕಾದುದರಲ್ಲಿ ಬೇಕನ್ನೊಂದನ್ನುಳಿದು ಮಿಕ್ಕದ್ದೆಲ್ಲ ನಮ್ಮೆಲ್ಲರ ಉಗ್ರಾಣದಲ್ಲಿ ಇರುವಂಥದೇ. ಬೇಕನ್ನಿಗೂ ಪರದೇಶಕ್ಕೆ ಹೋಗಬೇಕಾಗಿಲ್ಲ. ಅಂಗಮಾಲಿಯಿಂದ ತಿರುವನಂತಪುರಕ್ಕೆ ಹೋಗುವ ಎಂ.ಸಿ. ರಸ್ತೆಯಲ್ಲಿರುವ ಕೂತಾಟ್ಟುಕುಳದ ಬಳಿ, 1973ರಲ್ಲಿ ಸ್ಥಾಪಿತವಾದ ಕೇರಳ ಸರ್ಕಾರದ ಮೀಟ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆಯ ಕಾರ್ಖಾನೆಯಿದೆ. ಎರಡೂ ಊರುಗಳ ನಡುವೆ ಓಡಾಡುವ ನನ್ನಂಥವನಿಗೆ ಅದು ದಾರಿಯ ಮೇಲೆಯೇ ಸಿಕ್ಕಂತೆ.

ಆರು ಜನರಿಗೆ ಕಾಲು ಕಿಲೋ ಬಿಳಿ ರಾಜ್ಮಾ ಅಥವಾ ಅಲಸಂದೆ ಸಾಕು. ಮಟ್ಟಾಂಚೇರಿಯಲ್ಲಾಗಲಿ ತಿರುವನಂತಪುರದ ಚಾಲ ಬಜಾರಿನಲ್ಲಾಗಲಿ ಸ್ವಲ್ಪ ಸ್ವಲ್ಪವಾಗಿಯೇ ಕೊಳ್ಳುವುದು ಮೇಲು. ಕರಾವಳಿಯ ಸೆಕೆ ಮತ್ತು ತೇವದಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಳು ಒಳಗೊಳಗೇ ಗಡಸಾಗಿ, ಎಷ್ಟು ಬೇಯಿಸಿದರೂ ಮೆತ್ತಗಾಗದ ಸ್ಥಿತಿಗೆ ಬರುತ್ತದೆ. ಅಂಗಡಿಯವನ ಮೇಲೆ ನಾವು ಹೊರಿಸುವ ದೋಷ ಎಷ್ಟೋ ಸಲ ನಮ್ಮ ಡಬ್ಬದ್ದೇ ಆಗಿರುತ್ತದೆ. ಮೊದಲು ಬಂದ ಸರಕು ಮೊದಲು ಹೋಗಬೇಕೆಂಬ ದಾಸ್ತಾನಿನ ನಿಯಮವನ್ನು ಅಡುಗೆಮನೆಯಲ್ಲಿಯೂ ಪಾಲಿಸಬೇಕು.

ಕಾಳನ್ನು ರಾತ್ರಿ ಧಾರಾಳ ನೀರಿನಲ್ಲಿ, ಒಂದು ಚಿಟಿಕೆ ಉಪ್ಪು ಹಾಕಿ ನೆನೆಸಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲವೆಂಬುದು ತಪ್ಪು ನಂಬಿಕೆ. ನೆನೆಸುವ ನೀರಿನ ಉಪ್ಪು ಸಿಪ್ಪೆಯನ್ನು ಮೃದುಗೊಳಿಸುತ್ತದೆ. ಬೇಯುವುದನ್ನು ತಡೆಯುವುದು ಹುಳಿ. ಬೆಲ್ಲದಲ್ಲಿರುವ ಸುಣ್ಣದಂಶಕ್ಕೂ ಆ ಗುಣವಿದೆ. ಟೊಮೆಟೊ, ಹುಣಿಸೆ, ಬೆಲ್ಲ ಇವನ್ನು ಮೊದಲೇ ಸುರಿದು, ಆಮೇಲೆ ಕುಕ್ಕರನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ಕಾಳು ಪೂರ್ತಿ ಬೆಂದ ಮೇಲೆ ಹಾಕಿದರೆ ಇದೇ ಗುಣ ಉಪಕಾರಕ್ಕೆ ಬರುತ್ತದೆ: ಎಷ್ಟು ಹೊತ್ತು ಕುದಿಸಿದರೂ ಕಾಳು ಒಡೆದು ಮುದ್ದೆಯಾಗುವುದಿಲ್ಲ. ಕಾಕಂಬಿ ಹಾಕಿದ ಕಾಳು ರಾತ್ರಿಯಿಡೀ ಕುಲುಮೆಯಲ್ಲಿದ್ದೂ ಇಡಿಯಾಗಿ ಉಳಿಯುತ್ತಿದ್ದುದರ ಗುಟ್ಟು ಇದು.

ಬೆಳಿಗ್ಗೆ ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಬೇಕು. ರಾಜ್ಮಾ ಬಳಸುವವರು ಒಂದು ವಿಷಯವನ್ನು ಮರೆಯಬಾರದು. ಹಸಿಯ ಅಥವಾ ಅರೆಬೆಂದ ರಾಜ್ಮಾದಲ್ಲಿ ತೀವ್ರ ವಾಂತಿ-ಭೇದಿಗಳನ್ನುಂಟುಮಾಡುವ ಒಂದು ಸಹಜ ವಿಷಾಂಶವಿದೆ. ಕೆಂಪು ಕಾಳಿನಲ್ಲಿ ಹೆಚ್ಚು, ಬಿಳಿಯದರಲ್ಲಿ ಕಡಿಮೆ. ನಾಲ್ಕೈದು ಹಸಿ ಕಾಳುಗಳೇ ತೊಂದರೆ ಕೊಡಬಲ್ಲವು. ಕೊತಕೊತ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಬೆಂದರೆ ಅದು ನಾಶವಾಗುತ್ತದೆ; ಪ್ರೆಷರ್ ಕುಕ್ಕರಿನಲ್ಲಿ ಬೇಯಿಸುವವರು ಚಿಂತಿಸಬೇಕಾಗಿಲ್ಲ. ಅಪಾಯವಿರುವುದು ಈಚೆಗೆ ಬಳಕೆಗೆ ಬಂದಿರುವ, ನೀರನ್ನು ಕುದಿಯಲು ಬಿಡದೆ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಡುವ ವಿದ್ಯುತ್ ಪಾತ್ರೆಗಳಲ್ಲಿ. ಅಂತಹ ಪಾತ್ರೆಗೆ ಹಾಕುವುದಾದರೂ ಮೊದಲು ಬೇರೆ ಒಲೆಯ ಮೇಲೆ ಚೆನ್ನಾಗಿ ಕುದಿಸಿಯೇ ಹಾಕಬೇಕು.

ಇನ್ನು ಮಣ್ಣಿನ ಚಟ್ಟಿಯಲ್ಲಿ 60 ಗ್ರಾಂ ಬೇಕನ್ನನ್ನು ಸಣ್ಣಗೆ ಹೆಚ್ಚಿ, ಎಣ್ಣೆಯಿಲ್ಲದೆ, ಸಣ್ಣ ಉರಿಯಲ್ಲಿ ಅದರ ಕೊಬ್ಬು ಕರಗುವವರೆಗೆ ಬಾಡಿಸಿ. ತಲೆಗೆ ಹತ್ತು ಗ್ರಾಂ. ಆರು ಜನರೂ ತಮ್ಮ ಪಾಲಿನಲ್ಲಿ ಮಾಂಸವಿದೆಯೆಂದೇ ಹೇಳುತ್ತಾರೆ. ಅದೇ ಕೊಬ್ಬಿನಲ್ಲಿ ಎರಡು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ನಾಲ್ಕು ಹಣ್ಣು ಟೊಮೆಟೊ, ಅರ್ಧ ಚಮಚ ಸಾಸಿವೆ ಪುಡಿ, ಕಾಳುಮೆಣಸು. ಬೆಂದ ಕಾಳನ್ನು ಅದರ ಕಟ್ಟಿನೊಂದಿಗೆ ಹಾಕಿ, 20 ಗ್ರಾಂ ಬೆಲ್ಲ, ಅರ್ಧ ಚಮಚ ಉಪ್ಪು ಸೇರಿಸಿ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಮರಯೂರಿನ ಬೆಲ್ಲ ಇಲ್ಲಿ ಸುಲಭವಾಗಿ ದೊರೆಯುತ್ತದೆ. ಅದರ ಗಾಢವಾದ ಬಣ್ಣ ಮತ್ತು ರುಚಿ ಕಾಕಂಬಿಯ ಕೊರತೆಯನ್ನು ತುಂಬುತ್ತವೆ. ಮುಚ್ಚಳ ಮುಚ್ಚಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿಡಿ. ಓವನ್ ಇದ್ದವರು ಅದರಲ್ಲಿಡಬಹುದು; ಇಲ್ಲದವರಿಗೆ ನಷ್ಟವೇನೂ ಇಲ್ಲ.

ಒಬ್ಬರ ಪಾಲಿನ ತಾಳೆ ನೋಡೋಣ. ಬೆಂದ ಕಾಳು ಸುಮಾರು ನೂರು ಗ್ರಾಂ, ಅಂದರೆ ಅರ್ಧ ಡಬ್ಬಿಯಲ್ಲಿರುವಷ್ಟೇ. ಸೇರಿಸಿದ ಸಿಹಿ ಮೂರು ಗ್ರಾಮಿನ ಆಸುಪಾಸು. ಉಪ್ಪು, ಬೇಕನ್ನಿನದೂ ಸೇರಿ, ಒಂದು ಗ್ರಾಮಿನೊಳಗೆ. ಬೇಕನ್ ಇಲ್ಲದ ಅರ್ಧ ಡಬ್ಬಿಯಲ್ಲಿಯೇ ಅದಕ್ಕಿಂತ ಹೆಚ್ಚಿದೆ. ಹಣದ ಮಾತೆತ್ತುವುದಾದರೆ, ಒಂದು ಆಮದು ಡಬ್ಬಿಯ ಬೆಲೆಗೆ ನನಗೆ ಒಂದು ಕಿಲೋ ಕಾಳು ಬರುತ್ತದೆ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ಕಾಳಿನ ಪ್ರಮಾಣವನ್ನು ತಮ್ಮ ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು.

ನಮ್ಮ ಸಂಘದಂತಹ ಕೂಟದಲ್ಲಿ ಈ ಲೇಖನಕ್ಕೆ ಇನ್ನೊಂದು ಆಕ್ಷೇಪಣೆ ಬರುವುದು ನನಗೆ ಗೊತ್ತು. ಸದಸ್ಯರಲ್ಲಿ ಬಹುಮಂದಿ ಮಾಂಸ ಮುಟ್ಟದವರು. ಅವರೆದುರಿಗೆ ಹಂದಿಯ ಮಾತೇಕೆ? 2023ರ ಜನವರಿಯಲ್ಲಿ ಕೋಳಿಕ್ಕೋಡಿನ ಶಾಲಾ ಕಲೋತ್ಸವದಲ್ಲಿ, 2024ರ ಡಿಸೆಂಬರಿನಲ್ಲಿ ಮಂಡ್ಯದ ಎಂಬತ್ತೇಳನೆಯ ಸಾಹಿತ್ಯ ಸಮ್ಮೇಳನದಲ್ಲಿ, ಊಟದ ಪಂಕ್ತಿಯಲ್ಲಿ ಮಾಂಸವಿರಬೇಕೇ ಬೇಡವೇ ಎಂಬ ಜಗಳ ಪತ್ರಿಕೆಗಳ ಮುಖಪುಟಕ್ಕೆ ಬಂತು. ನಾಡಿನ ಆ ದೊಡ್ಡ ವ್ಯಾಜ್ಯವನ್ನು ಬಗೆಹರಿಸುವ ಯೋಗ್ಯತೆ ನನಗಿಲ್ಲ. ನಮ್ಮ ಚಿಕ್ಕ ಪಂಕ್ತಿಯ ಮಟ್ಟಿಗೆ ಮಾತ್ರ ಹೇಳುತ್ತೇನೆ: ಎರಡು ಬಣದವರೂ ಮಾಂಸವನ್ನೇ ನೋಡುತ್ತಾ ಕುಳಿತು ಕಾಳನ್ನು ಮರೆತಿದ್ದೇವೆ. ಒಬ್ಬರಿಗೆ ಅದಿಲ್ಲದ ಊಟ ಊಟವಲ್ಲ, ಇನ್ನೊಬ್ಬರಿಗೆ ಅದಿರುವ ಮನೆ ಮನೆಯಲ್ಲ. ಇಬ್ಬರ ಮಧುಮೇಹವೂ ಒಂದೇ.

ಕಳೆದ ರಾಜ್ಯೋತ್ಸವದ ಸಹಭೋಜನಕ್ಕೆ ನಾನು ಎರಡು ಚಟ್ಟಿಗಳನ್ನು ಕೊಂಡೊಯ್ದೆ. ಎರಡನೆಯದರಲ್ಲಿ ಬೇಕನ್ ಇಲ್ಲ. ಬದಲಿಗೆ ತೆಂಗಿನೆಣ್ಣೆಯ ಒಗ್ಗರಣೆ ಮತ್ತು ಮಲಯಾಳಿಗಳು ಕುಡಂಪುಳಿ ಎನ್ನುವ ಹಣ್ಣಿನ ಎರಡು ಎಸಳು. ಅದನ್ನು ಇಲ್ಲಿ ಹೊಗೆಯಲ್ಲಿಯೇ ಒಣಗಿಸುವುದರಿಂದ ಕಾಳಿಗೆ ಹುಳಿಯ ಜೊತೆಗೆ ಹೊಗೆಯ ವಾಸನೆಯೂ ಬರುತ್ತದೆ. ಬೇಕನ್ ಕೊಡುವ ರುಚಿಯ ಮುಖ್ಯಾಂಶವೂ ಅದೇ ಅಲ್ಲವೆ? ಶಿರಸಿಯ ಕಡೆಯ ಹಿರಿಯರೊಬ್ಬರು ಮೊದಲು ಚಟ್ಟಿಯ ಬಳಿಗೆ ಬರಲಿಲ್ಲ. ಕುಡಂಪುಳಿಯೆಂದರೆ ಮೀನಿನ ಸಾರಿನ ಹುಳಿಯೆಂದು ಅವರ ಭಾವನೆ. "ರಾಯರೇ, ಇದು ನಿಮ್ಮ ಉಪ್ಪಾಗೆ, ನಮ್ಮ ಕೊಡಗಿನ ಕಾಚಂಪುಳಿಯೂ ಇದರದೇ" ಎಂದೆ. ಅವರು ಎಸಳನ್ನು ಸೌಟಿನಲ್ಲಿ ಎತ್ತಿ ನೋಡಿ, ಮೂಸಿ, "ಹೌದಲ್ಲ ಮಾರಾಯರೇ!" ಎಂದು ತಟ್ಟೆ ಮುಂದೆ ಹಿಡಿದರು. ಆ ದಿನ ಮೊದಲು ಬರಿದಾದದ್ದು ಆ ಎರಡನೆಯ ಚಟ್ಟಿ. ನನ್ನ ಮಗಳೂ ಅದರಿಂದಲೇ ಎರಡು ಸಲ ಬಡಿಸಿಕೊಂಡಳು. ಬೇಕನ್ನಿನ ಚಟ್ಟಿಯಲ್ಲಿ ಉಳಿದದ್ದನ್ನು ಮರುದಿನ ಬೆಳಿಗ್ಗೆ ಪುಟ್ಟಿನ ಜೊತೆಗೆ ನಾನು ತಿಂದೆ, ಉಪ್ಪಿನಕಾಯಿ ಇಲ್ಲದೆ.